ಕೌಂಟ್ ಬೇಸಿ ಇಲ್ಲದ ಬೇಸಿ ಬ್ಯಾಂಡ್

ಓದುಗರ ಪ್ರಶ್ನೆ: ಅಮೆರಿಕದ ಜಾಝ್ ಪಿಯಾನೊ ವಾದಕ, ಬ್ಯಾಂಡ್ ನಾಯಕ ಕೌಂಟ್ ಬೇಸಿ 1984ರಲ್ಲೇ ತೀರಿಕೊಂಡರು. ಅವರ ಆರ್ಕೆಸ್ಟ್ರಾ ಈಗಲೂ ಕಾರ್ಯಕ್ರಮ ಕೊಡುತ್ತಿದೆ. ಇದು ಸುಮ್ನೆ ಹೆಸರಿಗಷ್ಟೇ ಅಲ್ವಾ?

ಖಂಡಿತ ಅಲ್ಲ. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1935ರಲ್ಲಿ ಕ್ಯಾನ್ಸಸ್ ಸಿಟಿಯ ಬ್ಯಾಂಡ್ ನಾಯಕ ಬೆನ್ನಿ ಮೋಟೆನ್ ತೀರಿಕೊಂಡರು. ಅವರ ಬಳಿ ಪಿಯಾನೊ ನುಡಿಸುತ್ತಿದ್ದ ಬೇಸಿ, ಕೆಲವು ಜೊತೆಗಾರರನ್ನು ಸೇರಿಸಿಕೊಂಡು ರೀನೋ ಕ್ಲಬ್ಬಿನಲ್ಲಿ ತಮ್ಮದೇ ತಂಡ ಕಟ್ಟಿದರು. ಅಲ್ಲಿಂದ ರೇಡಿಯೊದಲ್ಲಿ ಬರುತ್ತಿದ್ದ ಸಂಗೀತ, ಶಿಕಾಗೋದಲ್ಲಿ ಕಾರಿನಲ್ಲಿ ಕೂತಿದ್ದ ಸಂಗೀತ ನಿರ್ಮಾಪಕ ಜಾನ್ ಹ್ಯಾಮಂಡ್ ಅವರ ಕಿವಿಗೆ ಬಿತ್ತು. ಅವರ ಒತ್ತಾಸೆಯಿಂದ 1936ರಲ್ಲಿ ತಂಡ ನ್ಯೂಯಾರ್ಕಿಗೆ ಬಂತು. ಆದರೆ ಡೆಕ್ಕಾ ಎಂಬ ರೆಕಾರ್ಡ್ ಕಂಪನಿ 24 ಹಾಡುಗಳಿಗೆ ಕೊಟ್ಟದ್ದು ಬರೀ 750 ಡಾಲರ್. ರಾಯಲ್ಟಿ ಬಿಡಿಗಾಸೂ ಇಲ್ಲ! ಎಂಥಾ ಅನ್ಯಾಯ.

ಆಗ ಬರೆದಿಟ್ಟ ಸಂಗೀತ ಕಡಿಮೆ. ಒಬ್ಬರು ಸ್ಯಾಕ್ಸೊಫೋನಿನಲ್ಲಿ ಒಂದು ಎಳೆ ನುಡಿಸಿದರೆ ಪಕ್ಕದವರು ಅದನ್ನೇ ಹಿಡಿಯುತ್ತಿದ್ದರು, ಟ್ರಂಪೆಟ್‌ನವರು ಅದಕ್ಕೆ ಎದುರು ಕೊಡುತ್ತಿದ್ದರು. ಇಷ್ಟು ಜನ ಚದುರದಂತೆ ಹಿಡಿದಿಟ್ಟವರು ಲಯದ ನಾಲ್ವರು: ಪಿಯಾನೊದಲ್ಲಿ ಬೇಸಿ, ತಗ್ಗು ಸ್ವರದ ದೊಡ್ಡ ತಂತಿವಾದ್ಯ ಬೇಸ್‌ನಲ್ಲಿ ವಾಲ್ಟರ್ ಪೇಜ್, ಡ್ರಮ್ಸ್‌ನಲ್ಲಿ ಜೋ ಜೋನ್ಸ್, ಗಿಟಾರಿನಲ್ಲಿ ಫ್ರೆಡ್ಡಿ ಗ್ರೀನ್. ಜೋನ್ಸ್ ತಾಳವನ್ನು ಕಾಲಡಿಯ ದೊಡ್ಡ ಡ್ರಮ್ಮಿನಿಂದ ಹೈ-ಹ್ಯಾಟ್ ಎಂಬ ಜೋಡಿ ಲೋಹದ ತಟ್ಟೆಗಳಿಗೆ ತಂದರು. ಇಡೀ ಬ್ಯಾಂಡ್ ಹಗುರಾಯಿತು. ಗ್ರೀನ್ ಅವರದು ಆಂಪ್ಲಿಫೈಯರ್ ಇಲ್ಲದ ಗಿಟಾರ್. ನಾಲ್ಕು ಎಣಿಕೆಗೆ ನಾಲ್ಕು ಮೀಟು, ಅಷ್ಟೇ. ಒಬ್ಬರೇ ನುಡಿಸಿದ್ದು ತೀರಾ ಅಪರೂಪ. 1937ರಲ್ಲಿ ಸೇರಿದವರು 1987ರಲ್ಲಿ ಸಾಯುವವರೆಗೂ, ನಡುವಿನ ಸಣ್ಣ ಬಿಡುವು ಬಿಟ್ಟರೆ, ಅಲ್ಲೇ ಇದ್ದರು. ಬೇಸಿ ಹೋದ ಮೇಲೂ ಮೂರು ವರ್ಷ!

1950ರಲ್ಲಿ ದುಡ್ಡಿನ ತಾಪತ್ರಯದಿಂದ ದೊಡ್ಡ ಬ್ಯಾಂಡ್ ಮುಚ್ಚಿತು. 1952ರಲ್ಲಿ ಮತ್ತೆ ಕಟ್ಟಿದಾಗ ಬೇಸಿ ದಾರಿ ಬದಲಿಸಿದರು. ನೀಲ್ ಹೆಫ್ಟಿ, ಅರ್ನಿ ವಿಲ್ಕಿನ್ಸ್, ಫ್ರಾಂಕ್ ಫಾಸ್ಟರ್ ಅವರಿಂದ ಬರೆಸಿದ ಸಂಗೀತಕ್ಕೆ ಜಾಸ್ತಿ ಒತ್ತು ಕೊಟ್ಟರು. ಮೊದಲಿನ ತಂಡದ ತುಂಟತನ ನನಗೆ ಹೆಚ್ಚು ಇಷ್ಟ, ನಿಜ. ಆದರೆ ಬ್ಯಾಂಡ್ ಇಷ್ಟು ಕಾಲ ಉಳಿಯಲು ಈ ಹಾಳೆಗಳೇ ಕಾರಣ ಅಂತ ನಾನು ನಂಬುತ್ತೇನೆ. ಜನ ಬದಲಾದರೂ ಸಂಗೀತ ಕೈಯಲ್ಲಿತ್ತು. ಹೊಸಬರು ಹಳಬರ ಪಕ್ಕ ಕೂತು ನಡೆ ಕಲಿತರು.

ಬೇಸಿ ನಂತರ ಮುನ್ನಡೆಸಿದ ಥ್ಯಾಡ್ ಜೋನ್ಸ್, ಫ್ರಾಂಕ್ ಫಾಸ್ಟರ್ ಇಬ್ಬರೂ ಅದೇ ಬ್ಯಾಂಡಿನಲ್ಲಿ ಬೆಳೆದವರು. 2013ರಲ್ಲಿ ಹೊಣೆ ಹೊತ್ತ ಸ್ಕಾಟಿ ಬಾರ್ನ್‌ಹಾರ್ಟ್ ಕೂಡ ಅಲ್ಲಿನ ಟ್ರಂಪೆಟ್ ವಾದಕರೇ. 2024ರಲ್ಲಿ ಬ್ಯಾಂಡಿಗೆ ಗ್ರ್ಯಾಮಿ ಪ್ರಶಸ್ತಿ ಬಂತು.

ಕೇಳಲು ಶುರು ಮಾಡುವುದಾದರೆ 1937ರ 'ಒನ್ ಓ ಕ್ಲಾಕ್ ಜಂಪ್' ಹಾಕಿ. ಮೊದಲ ಸಲ ಇಡೀ ಬ್ಯಾಂಡ್ ಕೇಳಿ, ಎರಡನೇ ಸಲ ಆ ಗಿಟಾರನ್ನು ಮಾತ್ರ ಹುಡುಕಿ.