ಹೊಸ ಒಡಂಬಡಿಕೆ: ಪಾಠದ ಪ್ರಶ್ನೆ, ಚರಿತ್ರೆಯ ಪ್ರಶ್ನೆ

ಸುವಾರ್ತೆಗಳನ್ನು (ಯೇಸುವಿನ ಜೀವನ ಹೇಳುವ ಹೊಸ ಒಡಂಬಡಿಕೆಯ ನಾಲ್ಕು ಪುಸ್ತಕಗಳನ್ನು) ಚರಿತ್ರೆಯೆಂದು ನಂಬಬಹುದೇ ಎಂದು ಕೇಳುವಾಗ ನಾವು ಎರಡು ಪ್ರಶ್ನೆ ಕೇಳುತ್ತಿರುತ್ತೇವೆ. ಬರೆದದ್ದು ಬರೆದ ಹಾಗೆಯೇ ನಮ್ಮ ಕೈಸೇರಿದೆಯೇ? ಬರೆದದ್ದು ನಿಜಕ್ಕೂ ನಡೆದಿತ್ತೇ? ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಅಂಟಿಸುವ ತಪ್ಪನ್ನು ನಾನೂ ಬಹಳ ದಿನ ಮಾಡಿದ್ದೆ.

ಮೊದಲು ಪಾಠ, ಅಂದರೆ ಬರೆದ ಮಾತು. ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳು 5,000ಕ್ಕೂ ಹೆಚ್ಚು ಉಳಿದಿವೆ. ಆದರೆ ಬಹುಪಾಲು 9ನೇ ಶತಮಾನದಿಂದ ಈಚಿನವು. ಹಾಗಾಗಿ ಎಣಿಕೆಗಿಂತ ಪ್ರತಿಯ ಕಾಲ ಮುಖ್ಯ. ಮ್ಯಾಂಚೆಸ್ಟರಿನಲ್ಲಿರುವ ಪಿ52 ಎಂಬ ಪಪೈರಸ್ ಚೂರು ಅಂಗೈಯಗಲವೂ ಇಲ್ಲ. ಅದರಲ್ಲಿ ಯೋಹಾನನ ಸುವಾರ್ತೆಯ 18ನೇ ಅಧ್ಯಾಯದ ಕೆಲವೇ ಸಾಲುಗಳಿವೆ. ಅದನ್ನು ಸಾಮಾನ್ಯವಾಗಿ 2ನೇ ಶತಮಾನದ್ದೆಂದು ಗುರುತಿಸುತ್ತಾರೆ.

ಹಳಗನ್ನಡ ಗ್ರಂಥಸಂಪಾದನೆ ಓದಿದವರಿಗೆ ಪಾಠಾಂತರ (ಪ್ರತಿಯಿಂದ ಪ್ರತಿಗೆ ಬದಲಾಗುವ ಮಾತು), ಪ್ರಕ್ಷಿಪ್ತ (ನಂತರ ಸೇರಿಸಿದ ಭಾಗ) ಎಂಬ ಮಾತುಗಳು ಹೊಸವಲ್ಲ. ಇಲ್ಲಿಯೂ ಅದೇ ಕೆಲಸ. 4ನೇ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಪ್ರತಿಗಳಲ್ಲಿ ಮಾರ್ಕನ ಸುವಾರ್ತೆ 16:8ಕ್ಕೆ ನಿಂತುಬಿಡುತ್ತದೆ. ಹೆಂಗಸರು ಹೆದರಿ ಯೇಸುವಿನ ಸಮಾಧಿಯಿಂದ ಓಡಿಹೋದರು, ಯಾರಿಗೂ ಏನೂ ಹೇಳಲಿಲ್ಲ, ಅಷ್ಟೆ. ಮುಂದಿನ 12 ವಚನಗಳು ಅಲ್ಲಿಲ್ಲ. ಪಾಪವಿಲ್ಲದವನು ಮೊದಲ ಕಲ್ಲು ಎಸೆಯಲಿ ಎಂಬ ಪ್ರಸಂಗವೂ (ಯೋಹಾನ 7:53–8:11) ಈ ಎರಡರಲ್ಲೂ ಇಲ್ಲ. ನನಗೆ ತೀರ ಪ್ರಿಯವಾದ ಪ್ರಸಂಗ ಅದು. ಆದರೂ ಯೋಹಾನನ ಮೂಲದಲ್ಲಿ ಅದಿರಲಿಲ್ಲವೆಂದು ಒಪ್ಪಲೇಬೇಕು. ಹಾಗೆಂದು ಅದು ನಡೆದೇ ಇಲ್ಲ ಎನ್ನುವಂತಿಲ್ಲ; ಅದು ಬೇರೆಯೇ ಪ್ರಶ್ನೆ.

ಇನ್ನು ಚರಿತ್ರೆ. 1961ರಲ್ಲಿ ಇಸ್ರೇಲಿನ ಕೈಸರೈಯದಲ್ಲಿ, ಯೇಸುವನ್ನು ವಿಚಾರಣೆ ಮಾಡಿದ ಪಿಲಾತನ ಹೆಸರು ಕೆತ್ತಿದ ಕಲ್ಲು ಸಿಕ್ಕಿತು. ಅವನು ಯೂದಾಯದ ಪ್ರಿಫೆಕ್ಟ್ (ರೋಮನ್ ಆಡಳಿತಾಧಿಕಾರಿ) ಆಗಿದ್ದನೆಂದು ಅದರಿಂದ ಖಚಿತ. ಯೇಸುವಿನ ವಿಚಾರಣೆಯಲ್ಲಿ ಯಾರು ಏನೆಂದರು ಎಂಬುದಕ್ಕೆ ಆ ಕಲ್ಲು ಸಾಕ್ಷಿಯಲ್ಲ. ಗ್ರೀಸಿನ ದೆಲ್ಫಿಯಲ್ಲಿ ಸಿಕ್ಕ ಶಾಸನ ಇನ್ನೂ ಹೆಚ್ಚು ಉಪಯುಕ್ತ. ಗಲ್ಲಿಯೋನ ಎಂಬವನು ಗ್ರೀಸಿನ ರೋಮನ್ ಪ್ರಾಂತ್ಯವಾದ ಅಖಾಯದ ಅಧಿಪತಿಯಾಗಿದ್ದದ್ದು ಕ್ರಿ.ಶ. 51–52ರ ಸುಮಾರಿಗೆ ಎಂದು ಅದರಿಂದ ತಿಳಿಯುತ್ತದೆ. ಆದಿ ಕ್ರೈಸ್ತರ ಕಥೆ ಹೇಳುವ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 18ನೇ ಅಧ್ಯಾಯದಲ್ಲಿ ಕ್ರೈಸ್ತ ಪ್ರಚಾರಕ ಪೌಲನನ್ನು ನಿಲ್ಲಿಸಿದ್ದು ಇದೇ ಗಲ್ಲಿಯೋನನ ಮುಂದೆ. ಪೌಲನ ಜೀವನದ ಕಾಲಗಣನೆಗೆ ಇದೇ ಗೂಟ.

ಆದರೆ ಕೃತ್ಯಗಳನ್ನು ಬರೆದ ಅದೇ ಲೇಖಕ ಲೂಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಯೇಸುವಿನ ಜನನವನ್ನು ಸಿರಿಯದ ರೋಮನ್ ಅಧಿಪತಿ ಕುರೇನ್ಯನ ಜನಗಣತಿಗೆ ಜೋಡಿಸುತ್ತಾನೆ. ಆ ಗಣತಿ ಕ್ರಿ.ಶ. 6ರದ್ದು, ಯೂದಾಯದ ರಾಜ ಹೆರೋದ ತೀರಿಕೊಂಡದ್ದು ಬಹುಮಟ್ಟಿಗೆ ಕ್ರಿ.ಪೂ. 4ರಲ್ಲಿ. ಯೇಸು ಹುಟ್ಟಿದಾಗ ಹೆರೋದ ಬದುಕಿದ್ದನೆಂದು ಮತ್ತಾಯ ಹೇಳುತ್ತಾನೆ. ಇವನ್ನು ಹೊಂದಿಸಲು ಹಲವರು ಹೆಣಗಿದ್ದಾರೆ. ಯಾವ ವಿವರಣೆಯೂ ನನಗೆ ಒಪ್ಪಿಗೆಯಾಗಿಲ್ಲ.

ಅಭ್ಯಾಸಕ್ಕೆ ಲೂಕ 3:1 ತೆಗೆದುಕೊಳ್ಳಿ. ಒಂದೇ ವಚನದಲ್ಲಿ ರೋಮನ್ ಚಕ್ರವರ್ತಿ ತಿಬೇರಿಯನ 15ನೇ ವರ್ಷ, ಪಿಲಾತ, ಹೆರೋದ (ಮೇಲೆ ಹೇಳಿದ ಹೆರೋದನ ಮಗ), ಫಿಲಿಪ್ಪ, ಲುಸನ್ಯ ಎಲ್ಲರೂ ಬರುತ್ತಾರೆ. ಒಬ್ಬೊಬ್ಬರ ಹೆಸರಿನ ಮುಂದೆ ಬೈಬಲಿನ ಹೊರಗೆ ಸಿಗುವ ಸಾಕ್ಷ್ಯ ಯಾವುದೆಂದು ಬರೆಯುತ್ತಾ ಹೋಗಿ.