ಗುರುತು ಸಿಕ್ಕೀತೆಂಬ ಭಯ, ಗುರುತು ಕೂಗಲೇಬೇಕೆಂಬ ಕಟ್ಟಳೆ: ಪರಕೀಯತೆಯ ಪಾಠಕ್ಕೆ ಒಂದು ಟಿಪ್ಪಣಿ

ಅಸ್ಮಿತೆ, ಪರಕೀಯತೆ, ಸಾಮಾಜಿಕ ಅಸಮಾನತೆ. ಸಾಹಿತ್ಯದ ಸಿಲೆಬಸ್ಸಿನಲ್ಲಿ ಮೂರೂ ಒಂದೇ ಸಾಲಿನಲ್ಲಿ ಕೂತಿರುವುದರಿಂದ ಉತ್ತರ ಬರೆಯುವಾಗಲೂ ಮೂರನ್ನೂ ಒಂದೇ ಗಂಟು ಕಟ್ಟುವ ಚಾಳಿ ನಮಗೆಲ್ಲ ಇದೆ. ಧಾರವಾಡದ ಸಪ್ತಾಪುರದ ಝೆರಾಕ್ಸ್ ಅಂಗಡಿಗಳಲ್ಲಿ ಕೈಯಿಂದ ಕೈಗೆ ದಾಟುವ ನೋಟ್ಸ್‌ಗಳಲ್ಲಿ ‘ಸಂಸ್ಕಾರ’ದ ಪ್ರಾಣೇಶಾಚಾರ್ಯ, ‘ಚೋಮನ ದುಡಿ’ಯ ಚೋಮ, ‘ಅನ್‌ಟಚಬಲ್’ನ ಬಖಾ ಮೂವರೂ ‘ಸಮಾಜದಿಂದ ದೂರವಾದವರು’. ಸುಳ್ಳೇನಲ್ಲ. ಆದರೆ ಆ ಮಾತನ್ನು ಯಾರ ಮೇಲೆ ಹಚ್ಚಿದರೂ ನಡೆಯುತ್ತದೆ, ಅದಕ್ಕೇ ಅಂಕ ಬೀಳುವುದಿಲ್ಲ.

ಕೃತಿಗಳ ಕಥಾಸಾರ ಬಿಟ್ಟಿದ್ದೇನೆ, ಅದು ಎಲ್ಲರಿಗೂ ಗೊತ್ತು. ತೊಡಕು ಇರುವ ಜಾಗಕ್ಕೇ ಹೋಗೋಣ.

ಎರಡು ಬೇರೆ ಬೇರೆ ಪರಕೀಯತೆ

ಮೊದಲನೆಯದು ಮಾರ್ಕ್ಸ್‌ನದು. 1844ರ ಹಸ್ತಪ್ರತಿಗಳಲ್ಲಿ ಅವನು ಹೇಳುವುದು ದುಡಿಮೆಯ ಬಗ್ಗೆ. ದುಡಿದು ಮಾಡಿದ ವಸ್ತು ದುಡಿದವನದಲ್ಲ, ದುಡಿಮೆಯೂ ಅವನದಲ್ಲ, ಕೊನೆಗೆ ಮನುಷ್ಯತ್ವದಿಂದಲೂ ಪಕ್ಕದ ಮನುಷ್ಯನಿಂದಲೂ ಅವನು ಕಡಿದುಹೋಗುತ್ತಾನೆ. ಇದು ಮನಸ್ಸಿನ ಬೇಸರವಲ್ಲ. ದುಡಿಯುವವನು ಖುಷಿಯಿಂದ ಹಾಡು ಹೇಳುತ್ತಿದ್ದರೂ ಅವನು ಪರಕೀಯನೇ, ಏಕೆಂದರೆ ಬೆಳೆ ಇನ್ನೊಬ್ಬನ ಕಣಜಕ್ಕೆ ಹೋಗುತ್ತದೆ.

ಎರಡನೆಯದು ಅಸ್ತಿತ್ವವಾದದ್ದು, ಸಾರ್ತ್ರ್, ಕಮೂ ಕಡೆಯಿಂದ ಬಂದದ್ದು. ಇಲ್ಲಿ ಹೊಟ್ಟೆಗೆ ಕೊರತೆಯಿಲ್ಲ, ಕೂರಲು ಜಾಗವೂ ಇದೆ. ಆದರೆ ಕೂತ ಜಾಗ ತನ್ನದಲ್ಲ ಎನಿಸುತ್ತದೆ. ನಿನ್ನೆಯವರೆಗೆ ಅರ್ಥ ಕೊಡುತ್ತಿದ್ದ ಧರ್ಮ, ಮನೆ, ಕೆಲಸ ಇವತ್ತು ಸುಮ್ಮನೆ ಕೂತಿರುತ್ತವೆ. ನಮ್ಮ ನವ್ಯರು (ಐವತ್ತು-ಅರವತ್ತರ ದಶಕದ ಹೊಸ ಬರವಣಿಗೆಯ ಪಂಥದವರು) ಹಿಡಿದದ್ದು ಹೆಚ್ಚಾಗಿ ಇದನ್ನೇ. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ (1961), ಅನಂತಮೂರ್ತಿಯವರ ‘ಸಂಸ್ಕಾರ’ (1965) ಎರಡೂ ಪುಸ್ತಕವಾದದ್ದು ಧಾರವಾಡದಲ್ಲಿ, ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯಿಂದ. ತೀರ್ಥಹಳ್ಳಿ ಸೀಮೆಯ ಅಗ್ರಹಾರದ ಕಥೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಬರೆಸಿಕೊಂಡು ಇಲ್ಲಿ ಅಚ್ಚಾಯಿತು. ಪರೀಕ್ಷೆಗೆ ಇದು ಬೇಕಿಲ್ಲ, ನನಗೆ ಇಷ್ಟವಾದ್ದರಿಂದ ಬರೆದೆ.

ಕಗ್ಗಂಟು ಇರುವುದು ಇನ್ನು ಮುಂದೆ. ಈ ಎರಡರಲ್ಲಿ ಯಾವುದರೊಳಗೂ ಅಸ್ಪೃಶ್ಯತೆ ಪೂರ್ತಿ ಹಿಡಿಸುವುದಿಲ್ಲ. ಮಾರ್ಕ್ಸ್ ಹೇಳುವ ಕೂಲಿಕಾರ ದುಡಿಮೆಯಿಂದ ಕಡಿದುಹೋದವನು, ಆದರೆ ಅವನು ಮುಟ್ಟಿದ ಬಾವಿಯನ್ನು ಯಾರೂ ತೊಳೆಯುವುದಿಲ್ಲ. ಅಸ್ತಿತ್ವವಾದದ ನಾಯಕ ತಾನೇ ಎದ್ದು ಹೊರನಡೆಯುತ್ತಾನೆ. ಒಳಗೆ ಬಿಟ್ಟುಕೊಳ್ಳದೇ ಇದ್ದವನು ಎದ್ದು ಹೋಗುವುದು ಎಲ್ಲಿಂದ? ಹಾಗಾಗಿ ದಲಿತ ಪಾತ್ರಕ್ಕೆ ಪರಕೀಯತೆ ಎಂದು ಬರೆಯುವ ಮುಂಚೆ ಮೂರನೆಯ ಖಾನೆ ತೆರೆಯಬೇಕು. ಮೊದಲು ಅಸಮಾನತೆ, ಅದರಿಂದ ಬೇರೆಯವರು ಹಚ್ಚಿದ ಅಸ್ಮಿತೆ, ಆಮೇಲೆ, ಇದ್ದರೆ, ಪರಕೀಯತೆ. ನವ್ಯದಲ್ಲಿ ಈ ಸಾಲು ತಿರುಗಿದೆ: ಮೊದಲು ಪರಕೀಯತೆ ಕಾಡುತ್ತದೆ, ಅದರಿಂದ ಅಸ್ಮಿತೆಯ ಪ್ರಶ್ನೆ ಏಳುತ್ತದೆ, ಅಸಮಾನತೆ ಎಷ್ಟೋ ಸಲ ಹಿನ್ನೆಲೆಯಲ್ಲೇ ಉಳಿಯುತ್ತದೆ.

ನನ್ನ ಅಡ್ಡದಾರಿ

ಪಾತ್ರ ಯಾವುದೇ ಇರಲಿ, ಒಂದೇ ಪ್ರಶ್ನೆ ಕೇಳಿ: ಗುರುತು ಸಿಕ್ಕೀತು ಎಂದು ಇವನು ಹೆದರುತ್ತಾನೋ, ಗುರುತು ತಾನೇ ಕೂಗಿ ಹೇಳಬೇಕಾಗಿದೆಯೋ?

ಹೆಂಡತಿ ಭಾಗೀರಥಿಯ ದಹನ ಮುಗಿಸಿ ಪ್ರಾಣೇಶಾಚಾರ್ಯ ತನ್ನ ಅಗ್ರಹಾರ ದೂರ್ವಾಸಪುರ ಬಿಡುತ್ತಾನೆ. ದಾರಿಯಲ್ಲಿ ಪುಟ್ಟ ಎಂಬುವನು ಗಂಟುಬೀಳುತ್ತಾನೆ, ಮೇಳಿಗೆಯ ಜಾತ್ರೆಗೆ ಕರೆದೊಯ್ಯುತ್ತಾನೆ. ಅಲ್ಲಿ ಆಚಾರ್ಯ ಯಾರೂ ಅಲ್ಲ, ಕಾಫಿ ಕುಡಿಯಬಹುದು, ಕೋಳಿ ಅಂಕ ನೋಡಬಹುದು. ಸೂತಕದಲ್ಲೇ ದೇವಸ್ಥಾನದ ಊಟದ ಪಂಕ್ತಿಯಲ್ಲೂ ಕೂರುತ್ತಾನೆ. ಆ ಪಂಕ್ತಿಯಲ್ಲಿ ಅವನನ್ನು ಹಿಂಡುವುದು ಯಾರಾದರೂ ‘ಆಚಾರ್ಯರೇ’ ಅಂದುಬಿಟ್ಟರೆ ಎಂಬ ಭಯ. ಗಮನಿಸಿ, ಭಯ ಹುಟ್ಟಬೇಕಾದರೆ ಮೊದಲು ಅಡಗಿಕೊಳ್ಳಲು ಸಾಧ್ಯವಾಗಬೇಕು. ಶಲ್ಯ ಹೊದ್ದು ಹೆಸರು ಹೇಳದಿದ್ದರೆ ಒಂದು ದಿನದ ಮಟ್ಟಿಗಾದರೂ ಅವನು ಬರೀ ಮನುಷ್ಯ.

ಈಗ ಮುಲ್ಕ್ ರಾಜ್ ಆನಂದರ ‘ಅನ್‌ಟಚಬಲ್’ (1935). ಬುಲಾಷಾ ಊರಿನ ಜಾಡಮಾಲಿ ಹುಡುಗ ಬಖಾ ಪೇಟೆಯಲ್ಲಿ ಜಿಲೇಬಿ ಕೊಂಡು ತಿನ್ನುತ್ತ ನಡೆದಿದ್ದಾನೆ. ಆ ಸಿಹಿಯ ಗುಂಗಿನಲ್ಲಿ, ತಾನು ಬರುತ್ತಿದ್ದೇನೆ, ಸರಿಯಿರಿ ಎಂದು ಕೂಗುವುದು ಮರೆತಿದೆ. ಒಬ್ಬನಿಗೆ ಮೈ ತಾಗುತ್ತದೆ, ಜನ ಸೇರುತ್ತಾರೆ, ಕೆನ್ನೆಗೆ ಏಟು ಬೀಳುತ್ತದೆ, ಜಿಲೇಬಿ ಮಣ್ಣುಪಾಲು. ಆಮೇಲೆ ದಾರಿಯುದ್ದಕ್ಕೂ ಕೂಗುತ್ತಲೇ ಹೋಗುತ್ತಾನೆ. ಅವನ ಅಪರಾಧವೆಂದರೆ ಅರೆಗಳಿಗೆ ತನ್ನ ಜಾತಿ ಮರೆತದ್ದು. ಮೇಳಿಗೆಯಲ್ಲಿ ಆಚಾರ್ಯ ಕಷ್ಟಪಟ್ಟು ಮಾಡುತ್ತಿದ್ದದ್ದು ಅದನ್ನೇ!

ಈ ಎರಡು ದೃಶ್ಯ ಎದುರುಬದುರು ಇಟ್ಟರೆ ಹತ್ತು ಅಂಕದ ಪ್ರಶ್ನೆಗೆ ಅರ್ಧ ಉತ್ತರ ತಯಾರಾದ ಹಾಗೆ. ಚೋಮನಿಗೂ ಇದೇ ಪ್ರಶ್ನೆ ಕೇಳಿ. ಕಾರಂತರ ‘ಚೋಮನ ದುಡಿ’ (1933)ಯಲ್ಲಿ ಅವನ ಮಗ ನೀರಿನಲ್ಲಿ ಮುಳುಗುವಾಗ ಕಂಡವರಿದ್ದಾರೆ, ಇಳಿಯುವವರಿಲ್ಲ. ಹುಡುಗ ಯಾರೆಂದು ಗೊತ್ತಿರುವುದೇ ಅವನ ಸಾವಿಗೆ ಕಾರಣ. ಹಾಗೆಯೇ ಚೋಮನಿಗೆ ಎತ್ತು ಇದೆ, ತೋಳು ಇದೆ, ಬೇಸಾಯಕ್ಕೆ ನೆಲ ಸಿಗದು. ಅಡ್ಡ ಬಂದದ್ದು ದುಡ್ಡಷ್ಟೇ ಅಲ್ಲ, ಅವನ ಜಾತಿಯವರು ಬೇಸಾಯಗಾರರಾಗಬಾರದೆಂಬ ಕಟ್ಟು. ಪ್ರೇಮಚಂದರ ‘ಗೋದಾನ’ (1936)ದ ರೈತ ಹೋರಿಯನ್ನು ಪಕ್ಕದಲ್ಲಿಟ್ಟು ನೋಡಿ: ಅವನಿಗೆ ನೆಲವಿದೆ, ಆಸೆ ಹಸುವಿನದು, ಕೊಲ್ಲುವುದು ಸಾಲ. ಹೋರಿಗೆ ಮಾರ್ಕ್ಸ್ ಸಾಕು, ಚೋಮನಿಗೆ ಸಾಲದು.

ಮೆಟ್ಟಿಲ ಮೇಲೆ ಮೆಟ್ಟಿಲು

ಅಸಮಾನತೆ ಅಂದರೆ ಮೇಲೊಬ್ಬ, ಕೆಳಗೊಬ್ಬ ಎಂದು ಎರಡೇ ಪಾಲು ಮಾಡಬೇಡಿ. ಅಂಬೇಡ್ಕರ್ ಇದನ್ನು ಶ್ರೇಣೀಕೃತ ಅಸಮಾನತೆ ಎಂದರು, ಪ್ರತಿಯೊಬ್ಬನಿಗೂ ತುಳಿಯಲು ಇನ್ನೊಬ್ಬ ಇರುವ ಏರ್ಪಾಟು. ಬಖಾನ ತಂಗಿ ಸೋಹಿನಿ ಬಾವಿಕಟ್ಟೆಯ ಬಳಿ ಯಾರಾದರೂ ನೀರು ಹಾಕಲಿ ಎಂದು ಕಾದಾಗ ಅವಳ ಮೇಲೆ ಹರಿಹಾಯುವವಳು ಅಗಸರ ಗುಲಾಬೋ, ಅವಳೂ ಆ ಬಾವಿ ಮುಟ್ಟುವ ಹಾಗಿಲ್ಲ. ‘ಸಂಸ್ಕಾರ’ದಲ್ಲಿ ದೂರ್ವಾಸಪುರದ ಮಾಧ್ವರು ಪಾರಿಜಾತಪುರದ ಸ್ಮಾರ್ತರ ಮನೆಯಲ್ಲಿ ಉಣ್ಣುವುದಿಲ್ಲ, ಆದರೆ ಆಚಾರ ಬಿಟ್ಟು ಬದುಕಿ ಸತ್ತ ತಮ್ಮ ಅಗ್ರಹಾರದ ನಾರಣಪ್ಪನ ಹೆಣ ಅವರ ತಲೆಗೆ ಕಟ್ಟಲು ಅಡ್ಡಿಯಿಲ್ಲ.

ಅದೇ ಕಾದಂಬರಿಯಲ್ಲಿ ಬಹಳ ಜನ ದಾಟಿಹೋಗುವ ಒಂದು ಸಂಗತಿ ಇದೆ. ನಾರಣಪ್ಪನ ಸಂಸ್ಕಾರ ಯಾರು ಮಾಡಬೇಕೆಂದು ಇಡೀ ಅಗ್ರಹಾರ ಉಪವಾಸ ಕೂತು ಶಾಸ್ತ್ರ ತಿರುವುವಾಗ, ಅತ್ತ ದಲಿತ ಹೆಣ್ಣು ಬೆಳ್ಳಿಯ ಕೇರಿಯಲ್ಲೂ ಪ್ಲೇಗಿನಿಂದ ಜನ ಸಾಯುತ್ತಿದ್ದಾರೆ. ಅಲ್ಲಿ ಹೆಣವಿದ್ದ ಗುಡಿಸಲಿಗೇ ಬೆಂಕಿ ಇಡುತ್ತಾರೆ. ಯಾವ ಶಾಸ್ತ್ರವನ್ನೂ ಯಾರೂ ಕೇಳುವುದಿಲ್ಲ. ಕಾದಂಬರಿಯ ದೊಡ್ಡ ಪ್ರಶ್ನೆ ಆ ಕೇರಿಗೆ ಪ್ರಶ್ನೆಯೇ ಅಲ್ಲ. ಇದನ್ನು ಉತ್ತರದಲ್ಲಿ ಬರೆದರೆ ನಿಮ್ಮ ಪತ್ರಿಕೆ ಬೇರೆಯಾಗಿ ಕಾಣುತ್ತದೆ.

ನಮ್ಮ ಹಾವೇರಿ ಸೀಮೆಯ ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನೂ ಸೇರಿಸಿಕೊಳ್ಳಿ. ಭತ್ತ ಮೇಲೋ ರಾಗಿ ಮೇಲೋ ಎಂಬ ಜಗಳ ಎದ್ದಾಗ ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ, ಗಟ್ಟಿ ಉಳಿಯುವುದು ರಾಗಿ. (ಜೋಳದ ರೊಟ್ಟಿ ತಿನ್ನೋ ನಾವು ಈ ಜಗಳದಾಗ ಯಾರ ಕಡೀಗೂ ಇಲ್ಲ.) ಅಲ್ಲಿ ಇಬ್ಬರಿಗೂ ಒಂದೇ ಸೆರೆ, ಕೂತು ತೀರ್ಪು ಕೊಡುವ ರಾಮನೂ ಇದ್ದಾನೆ. ಚೋಮನ ಪಾಲಿಗೆ ಅಂಥ ಪಂಚಾಯ್ತಿ ಕೂಡುವುದೇ ಇಲ್ಲ.

ಅಡ್ಡದಾರಿ ಎಲ್ಲಿ ನಡೆಯದು

ದೇವನೂರ ಮಹಾದೇವರ ‘ಒಡಲಾಳ’ದಲ್ಲಿ. ದಲಿತ ಮುದುಕಿ ಸಾಕವ್ವನ ಹುಂಜ ಕಳೆದಿದೆ, ಅವಳ ಬಾಯಿಗೆ ಬಿಡುವಿಲ್ಲ. ರಾತ್ರಿ ಮನೆಗೆ ಕದ್ದ ಕಡಲೇಕಾಯಿ ಬರುತ್ತದೆ, ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕೂತು ತಿನ್ನುತ್ತಾರೆ, ಆಮೇಲೆ ಪೊಲೀಸರು ಬಂದು ಮನೆ ಜಾಲಾಡುತ್ತಾರೆ. ಇಲ್ಲಿ ಅಸಮಾನತೆ ಹಸಿಹಸಿಯಾಗಿದೆ, ಆದರೆ ಮನೆಯೊಳಗೆ ಯಾರೂ ತಮಗೆ ತಾವು ಪರಕೀಯರಲ್ಲ. ಜಗಳ, ನಗು, ಹಸಿವು ಎಲ್ಲ ಅವರದೇ, ಅವರದೇ ಮಾತಿನಲ್ಲಿ. ಗುರುತು ಅಡಗಿಸುವುದೂ ಇಲ್ಲ, ಕೂಗುವುದೂ ಇಲ್ಲ. ಈ ಕಥೆಯ ಮೇಲೆ ಪರಕೀಯತೆಯ ಪ್ರಶ್ನೆ ಬಂದರೆ ನಾನಂತೂ ಸಾಕವ್ವನಿಂದ ಶುರು ಮಾಡುವುದಿಲ್ಲ, ಆ ಮನೆಯೊಳಗೆ ತಡಕಾಡುವ ಪೊಲೀಸರಿಂದ ಶುರು ಮಾಡುತ್ತೇನೆ.