ಆನೆಗೊಂದಿಯ ಬಂಡೆಗಳು: ಕಸ ಆಯುವವರಿದ್ದಾರೆ, ಒಯ್ಯುವವರು ಯಾರು?

ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಸಾಣಾಪುರ ಸುತ್ತಿನ ಗುಡ್ಡಗಳಿಗೆ ಚಳಿಗಾಲ ಬಂತೆಂದರೆ ಬೆನ್ನಿಗೆ ದಪ್ಪ ಹಾಸುಗೆ ಕಟ್ಟಿಕೊಂಡು ಬೌಲ್ಡರಿಂಗ್ ಮಾಡುವವರು ಬರುತ್ತಾರೆ. ಹಗ್ಗವಿಲ್ಲದೆ ಗುಂಡುಗಲ್ಲು ಹತ್ತುವ ಆಟವಿದು. ಬಿದ್ದರೆ ಕೆಳಗೆ ಹಾಸಿದ ಕ್ರ್ಯಾಷ್ ಪ್ಯಾಡ್ ಒಂದೇ ಆಸರೆ. ಟಿಕೆಟ್ ಇಲ್ಲ, ಬೇಲಿ ಇಲ್ಲ, ಕಾವಲುಗಾರನಿಲ್ಲ. ಈ ಬಂಡೆಗಳ ಬುಡ ಗುಡಿಸಿ, ಮೈ ಉಜ್ಜಿ, ಬಾಟಲಿ ಚೂರು ಆಯುವುದು ಒಂದಷ್ಟು ಸ್ವಯಂಸೇವಕರು. ಅವರು ತುಂಬಿಟ್ಟ ಚೀಲ ಯಾರ ಪಾಲಿನದು ಎಂಬುದು ಮಾತ್ರ ಇಂದಿಗೂ ಬಗೆಹರಿದಿಲ್ಲ. ಯಾಕೆ ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ತುಂಗಭದ್ರೆಗೆ ಅಡ್ಡಲಾಗಿ ಎದ್ದ ಸೇತುವೆಗಳ ಕಾರಣಕ್ಕೆ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಗಿ, 2006ರಲ್ಲಿ ಹೊರಬಂತು. ಇದರ ನಡುವೆ, 2002ರ ಕಾಯ್ದೆಯಿಂದ, ನದಿಯ ಎರಡೂ ದಂಡೆಗಳನ್ನು ಒಳಗೊಂಡ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ರೂಪುಗೊಂಡಿತು. ಆದರೆ ಜಿಲ್ಲೆಯ ಗಡಿ ಅದೇ ನದಿ. ಆಚೆ ದಂಡೆ ಬಳ್ಳಾರಿಯಾಗಿದ್ದದ್ದು ಈಗ ವಿಜಯನಗರ. ಈಚೆ ದಂಡೆ ರಾಯಚೂರಾಗಿದ್ದದ್ದು 1997ರಿಂದ ಕೊಪ್ಪಳ. ಒಂದು ಗುಡ್ಡದ ತಪ್ಪಲು ರೈತನ ಪಟ್ಟಾ ಜಮೀನು, ನಡು ಕಂದಾಯ ಭೂಮಿ, ನೆತ್ತಿ ಅರಣ್ಯ, ಪಕ್ಕದ ಮಂಟಪ ಪುರಾತತ್ವ ಇಲಾಖೆಯದು. ಇಂಥ ಕಡೆ ಒಂದು ಕಸದ ಬುಟ್ಟಿ ಇಡಬೇಕಾದರೂ ಯಾರನ್ನು ಕೇಳಬೇಕು ಎಂಬುದೇ ಮೊದಲ ತೊಡಕು.

ಆಟ ಇಲ್ಲಿ ಬೇರೂರಿದ್ದು 2000ದ ದಶಕದಲ್ಲಿ. ಅಮೆರಿಕದ ಹೆಸರಾಂತ ಬಂಡೆ ಹತ್ತುಗ ಕ್ರಿಸ್ ಶರ್ಮಾ ಅಂಥವರು ಬಂದು ಹೋದ ಮೇಲೆ ಈ ಬಂಡೆಗಳ ಹೆಸರು ಹೊರದೇಶಗಳಲ್ಲಿ ಓಡಾಡಿತು. ನದಿಯ ನಡುಗಡ್ಡೆಯಾದ ವಿರೂಪಾಪುರಗಡ್ಡಿಯ ಗೆಸ್ಟ್‌ಹೌಸ್‌ಗಳು ಪ್ಯಾಡ್ ಬಾಡಿಗೆಗೆ ಕೊಡತೊಡಗಿದವು. ಬಂಡೆಯ ಬುಡ ಹಸನಾಗಿರುವುದು ಆಗ ಕೆಲವರ ಹೊಟ್ಟೆಪಾಡಿನ ಮಾತೂ ಆಗಿತ್ತು. ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಅಲ್ಲಿನ ಕಟ್ಟಡಗಳು ಅಕ್ರಮವೆಂಬ ತೀರ್ಪನ್ನು ಎತ್ತಿಹಿಡಿಯಿತು; ಮಾರ್ಚ್‌ನಲ್ಲಿ ತೆರವು ನಡೆಯಿತು. ಕಾನೂನಿನ ಮಾತು ಕಾನೂನಿಗೆ. ಆದರೆ ಕಟ್ಟಡಗಳ ಜೊತೆ ಯಾರೂ ಹೇಳದೆಯೇ ನಡೆಯುತ್ತಿದ್ದ ಆ ನಿಗಾ ವ್ಯವಸ್ಥೆಯೂ ಹೋಯಿತು, ಅದರ ಜಾಗಕ್ಕೆ ಬೇರೊಂದು ಬರಲಿಲ್ಲ. ಹತ್ತುವವರು ಸಾಣಾಪುರ, ಆನೆಗೊಂದಿ ಕಡೆ ಚದುರಿದರು. ಕಸವೂ ಚದುರಿತು.

ಗುಡ್ಡದ ಕಸವೆಂದರೆ ರಸ್ತೆಬದಿಯ ಕಸದಂತಲ್ಲ. ಒಡೆದ ಗಾಜು ಬಂಡೆಯ ಬುಡದ ಸಡಿಲ ಮಣ್ಣಿನಲ್ಲಿ ಹೂತುಹೋಗುತ್ತದೆ. ಮೇಲ್ಮೈಯ ಚೂರು ಆಯ್ದರೆ ಕೆಲಸ ಅರ್ಧ ಮಾತ್ರ. ಮುಂದಿನ ಮಳೆಗೆ ಉಳಿದದ್ದು ಮೇಲೇಳುತ್ತದೆ. ಹಾಗಾಗಿ ದೊಡ್ಡ ಚೂರುಗಳನ್ನು ದಪ್ಪ ಚರ್ಮದ ಕೈಗವಸು ಹಾಕಿ ತೆಗೆದ ಮೇಲೆ, ಎರಡು ಇಂಚು ಮಣ್ಣನ್ನು ಕೆರೆದು ಗಾರೆ ಕೆಲಸದವರ ಮರಳು ಜರಡಿಯಲ್ಲಿ ಹಿಡಿಯಬೇಕು. ಹಸಿ ಮಣ್ಣು ಜರಡಿಯಿಂದ ಇಳಿಯದು, ಮಳೆ ಬಿದ್ದ ಮೂರ್ನಾಲ್ಕು ದಿನ ಬಿಟ್ಟು ಕೈ ಹಾಕುವುದು ಲೇಸು. ಜರಡಿ ಹಿಡಿದ ಮಣ್ಣನ್ನು ಅಲ್ಲೇ ಹರಡಿ ತುಳಿದು ಸಮ ಮಾಡಬೇಕು. ಗುಂಡಿ ಬಿಟ್ಟರೆ ಪ್ಯಾಡ್ ಮಡಚಿ ಬಿದ್ದವರ ಪಾದ ಉಳುಕುತ್ತದೆ.

ಗಾಜನ್ನು ಚೀಲಕ್ಕೆ ತುಂಬುವುದೇ ತಪ್ಪು. ಹೊತ್ತವರ ಬೆನ್ನಿಗೆ ಚುಚ್ಚುತ್ತದೆ. 15 ಕೆಜಿಯ ಖಾಲಿ ಎಣ್ಣೆ ಡಬ್ಬಿ ಇದಕ್ಕೆ ಸರಿ. ಪ್ಲಾಸ್ಟಿಕ್, ಬಟ್ಟೆ, ಬಾಳೆಹಣ್ಣಿನ ಸಿಪ್ಪೆಯಂಥ ಉಳಿದದ್ದಕ್ಕೆ ಗೊಬ್ಬರದ ಖಾಲಿ ಚೀಲ ಸಾಕು. ಭತ್ತದ ಸೀಮೆಯಲ್ಲಿ ಅದಕ್ಕೇನೂ ಬರವಿಲ್ಲ. ಒಂದು ಚೀಲಕ್ಕೆ ಹನ್ನೆರಡು ಕೆಜಿ ಮೀರಬಾರದು. ಬಂಡೆಯಿಂದ ಬಂಡೆಗೆ ಕಾಲಿಡುತ್ತ ಇಳಿಯುವಾಗ ಅದಕ್ಕಿಂತ ಹೆಚ್ಚಿನ ಭಾರ ತೋಲ ತಪ್ಪಿಸುತ್ತದೆ.

ಬಂಡೆಯ ಮೈ ಮೇಲಿನ ಬಿಳಿ ಇನ್ನೊಂದು ಸಮಸ್ಯೆ. ಬೆವರು ಹೀರಲೆಂದು ಕೈಗೆ ಹಚ್ಚುವ ಚಾಕ್ ಮೆಗ್ನೀಷಿಯಂ ಕಾರ್ಬೊನೇಟ್. ಮಳೆಗೆ ಒಡ್ಡಿಕೊಂಡ ಕಡೆ ತೊಳೆದು ಹೋಗುತ್ತದೆ. ಚಾಚಿದ ಬಂಡೆಯ ಅಡಿಯಲ್ಲಿ ವರ್ಷಗಟ್ಟಲೆ ಉಳಿದು, ಕೈಯ ಜಿಡ್ಡಿನೊಂದಿಗೆ ಗ್ರಾನೈಟ್ ಹರಳುಗಳ ಸಂದು ತುಂಬಿ ಕೈ ಹಿಡಿಯುವ ಜಾಗವನ್ನು ನುಣುಪಾಗಿಸುತ್ತದೆ. ಇದಕ್ಕೆ ನೈಲಾನ್ ಬ್ರಷ್‌ನಿಂದ ಒಣದಾಗಿಯೇ ಉಜ್ಜಬೇಕು, ಒತ್ತದೆ, ಹಲವು ಸಲ. ಬೇಗ ಮುಗಿಯಲೆಂದು ತಂತಿ ಬ್ರಷ್ ಹಿಡಿದವರುಂಟು. ಉಕ್ಕಿನ ಎಳೆ ಹರಳುಗಳನ್ನು ಗೀರುತ್ತದೆ, ಅದರ ಕಣ ಕಲ್ಲಿನಲ್ಲಿ ಉಳಿದು ತುಕ್ಕು ಹಿಡಿದರೆ ಕೆಂಪು ಗೆರೆ ಇಳಿಯುತ್ತದೆ. ಆ್ಯಸಿಡ್ ಮಾತಂತೂ ಎತ್ತಲೇಬಾರದು.

ಬ್ರಷ್ ಎತ್ತುವ ಮೊದಲು ನೋಡಬೇಕಾದ್ದು ಬೇರೆ ಇದೆ. ಈ ಸೀಮೆಯ ಬಂಡೆಗಳ ಒಳಮೈಯಲ್ಲಿ ಆದಿಮಾನವರು ಬರೆದ ಚಿತ್ರಗಳಿವೆ. ಆನೆಗೊಂದಿ ಬಳಿಯ ಒನಕೆ ಕಿಂಡಿ, ಸ್ವಲ್ಪ ದೂರದ ಹಿರೇಬೆಣಕಲ್ ಇದಕ್ಕೆ ಸಾಕ್ಷಿ. ಕೆಲವು ಬಿಳಿ ಬಣ್ಣದವು. ಮಾಸಿದ ಬಿಳಿ ಗೆರೆ ಚಾಕ್ ಅಲ್ಲದಿರಬಹುದು. ಗೂಳಿ, ಮನುಷ್ಯ, ವೃತ್ತ, ಏನೇ ಆಕಾರ ಕಂಡರೂ ಕೈ ಹಿಂದಕ್ಕೆ. ಸ್ಪಷ್ಟವಾಗಲಿ ಎಂದು ನೀರು ಚಿಮುಕಿಸುವುದೂ ಹಾನಿಯೇ. ಪ್ರೇಮಿಗಳ ಹೆಸರು, ಬಾಣದ ಗುರುತು ಎಂದು ಬಳಿದ ಆಯಿಲ್ ಪೇಂಟನ್ನು ಥಿನ್ನರ್ ಹಾಕಿ ತೆಗೆಯಹೋದರೆ ಬಣ್ಣ ಕರಗಿ ಕಲ್ಲಿನ ಒಳಕ್ಕಿಳಿಯುತ್ತದೆ. ಅದು ಪುರಾತತ್ವ ಇಲಾಖೆಯ ರಸಾಯನ ತಜ್ಞರ ಕೆಲಸ.

ದಾರಿ ಬಿಡಿಸುವಾಗ ಎದುರಾಗುವುದು ಬಳ್ಳಾರಿ ಜಾಲಿ. ನೆಲಮಟ್ಟಕ್ಕೆ ಕಡಿದರೆ ಒಂದಕ್ಕೆ ನಾಲ್ಕು ಚಿಗುರುತ್ತದೆ. ಗೇಣುದ್ದ ಅಗೆದು ಬೇರಿನ ಗಂಟು ಸಮೇತ ತೆಗೆಯಬೇಕು. ಅರಣ್ಯದ ಗಡಿಯೊಳಗೆ ಅದಕ್ಕೂ ಅನುಮತಿ ಬೇಕು. ಹೆಜ್ಜೇನು ಕಟ್ಟಿದ ಬಂಡೆಗೆ ಆ ವರ್ಷ ಬಿಡುವು. ಚಿರತೆ, ಕರಡಿ ಓಡಾಡುವ ಗುಡ್ಡಗಳಾದ್ದರಿಂದ ಹೊತ್ತೇರಿದ ಮೇಲೆ ಹತ್ತಿ, ಹೊತ್ತಿಳಿಯುವ ಮೊದಲು ಇಳಿಯಬೇಕು. ಕಲ್ಲಿನ ಸಂದಿಗೆ ಕೈ ಹಾಕದೆ ಕೊಕ್ಕೆ ಕಡ್ಡಿಯಿಂದ ಕಸ ಎಳೆಯುವುದು ಚೇಳಿನ ದೆಸೆಯಿಂದ ಬಂದ ರೂಢಿ.

ಇಷ್ಟೆಲ್ಲ ಮಾಡಿ ಕೆಳಗಿಳಿಸಿದ ಚೀಲ ರಸ್ತೆಬದಿಯಲ್ಲಿ ಕೂರುತ್ತದೆ, ನಾಯಿಗಳು ಹರಿಯುತ್ತವೆ, ಗಾಳಿಗೆ ಮತ್ತೆ ಗದ್ದೆಗೆ ಹಾರುತ್ತದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮುಖ್ಯವಾಗಿ ಪಟ್ಟಣಗಳಿಗೆಂದು ಬರೆದಂಥವಾಗಿದ್ದವು. ಯಾತ್ರಾಸ್ಥಳ, ಚಾರಿತ್ರಿಕ ಸ್ಥಳಗಳಿಗೆ ಅವು ತಗಲುತ್ತಿದ್ದದ್ದು ರಾಜ್ಯ ಸರ್ಕಾರ ಅಧಿಸೂಚಿಸಿದರೆ ಮಾತ್ರ. ಹಳ್ಳಿಗಳಿಗೆ ನಿಜವಾದ ಬದಲಾವಣೆ ತಂದದ್ದು 2020ರ ನಂತರದ ಸ್ವಚ್ಛ ಭಾರತ್ ಎರಡನೇ ಹಂತ. ಗ್ರಾಮ ಪಂಚಾಯಿತಿಗಳಿಗೆ ಒಣಕಸ ವಿಂಗಡಿಸುವ ಸ್ವಚ್ಛ ಸಂಕೀರ್ಣ, ಸ್ವಸಹಾಯ ಸಂಘದ ಮಹಿಳೆಯರೇ ಓಡಿಸುವ ಕಸದ ಗಾಡಿ ಸ್ವಚ್ಛ ವಾಹಿನಿ ಬಂದವು. ಆದರೆ ಗಾಡಿಯ ದಾರಿ ಮನೆಗಳ ಲೆಕ್ಕದಲ್ಲಿ ಗೊತ್ತಾದದ್ದು. ಗುಡ್ಡಕ್ಕೆ ಮನೆ ನಂಬರ್ ಇಲ್ಲ. ಗಾಜಿನ ಚೂರಿಗೆ ಗುಜರಿಯಲ್ಲಿ ಸಿಗುವ ಬೆಲೆ ಸಾಗಣೆಗೂ ಸಾಲದ್ದರಿಂದ ಸಂಕೀರ್ಣದವರೂ ಹಿಂಜರಿಯುತ್ತಾರೆ, ಅದು ಅವರ ತಪ್ಪಲ್ಲ.

2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ದಂಡೆಯಲ್ಲಿ ಪ್ರವಾಸಿಗರ ಮೇಲೆ ನಡೆದ ಕ್ರೂರ ದಾಳಿಯ ನಂತರ ಚರ್ಚೆ ಸುರಕ್ಷತೆಯ ಕಡೆ ಹೊರಳಿತು. ಹೊರಳಬೇಕಾದದ್ದೇ. ಆದರೆ ಗುಡ್ಡಕ್ಕೆ ಯಾರು, ಯಾವಾಗ ಹೋಗುತ್ತಾರೆಂಬ ದಾಖಲೆ ಸುರಕ್ಷತೆ, ಸ್ವಚ್ಛತೆ ಎರಡಕ್ಕೂ ಬೇಕು, ಅದನ್ನು ಶುರು ಮಾಡಲು ಸ್ವಚ್ಛತಾ ಕೆಲಸಕ್ಕಿಂತ ಸುಲಭದ ದಾರಿ ಇಲ್ಲ. ಮಳೆ ನಿಂತು ಹತ್ತುವವರು ಬರುವ ಮುನ್ನ, ಅಕ್ಟೋಬರ್ ಕೊನೆಯೊಳಗೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಒಂದು ಪುಟದ ಪತ್ರ ಕೊಟ್ಟರೆ ಸಾಕು: ಯಾವ ಸರ್ವೆ ನಂಬರ್, ಎಷ್ಟು ಜನ, ಅಂದಾಜು ಎಷ್ಟು ಚೀಲ, ಎಷ್ಟು ಡಬ್ಬಿ ಗಾಜು, ಸ್ವಚ್ಛ ವಾಹಿನಿ ನಿಲ್ಲಬೇಕಾದ ಜಾಗ ಮತ್ತು ಗಂಟೆ. ಪ್ರತಿಗಳು ವಲಯ ಅರಣ್ಯಾಧಿಕಾರಿಗೆ, ಪ್ರಾಧಿಕಾರಕ್ಕೆ, ಠಾಣೆಗೆ. ಗಾಡಿ ಬರುವ ದಿನ ಖಚಿತವಾದ ಮೇಲಷ್ಟೇ ಚೀಲ ಕೆಳಗಿಳಿಸಬೇಕು.